ದೇವಕಮ್ಮನ ಸೋರೆಬುರುಡೆ

ದೇವಕಮ್ಮ ಸತ್ತ ಸುದ್ದಿ ನನಗೆ ಹನ್ನೊಂದು ದಿನ ತಡವಾಗಿ ಮುಟ್ಟಿತು. ಕಕ್ಕೇರಾ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ಕೂತಿದ್ದೆ. ನಾನು ಮೊದಲು ನೌಕರಿ ಮಾಡಿದ ಊರಿನವರೊಬ್ಬರು ಪಕ್ಕಕ್ಕೆ ಬಂದು ಕೂತು, "ಹಂದಿ ದೇವಕಮ್ಮ ಹೋದಳಲ್ರಿ, ನಿಮಗ ಗೊತ್ತಾಗಲಿಲ್ಲೇನು?" ಎಂದರು. ಆರಿಸಿದ್ದನ್ನು ಅಲ್ಲೇ ಬಿಟ್ಟು ಎದ್ದು ಬಂದೆ. ದಾರಿಯುದ್ದಕ್ಕೂ ಸಿಟ್ಟು ಬಂತು, ಯಾರೂ ನನಗೆ ಹೇಳಿ ಕಳಿಸಲಿಲ್ಲವಲ್ಲ ಎಂದು. ಮನೆ ಮುಟ್ಟುವ ಹೊತ್ತಿಗೆ ಸಿಟ್ಟು ಇಳಿಯಿತು. ಆ ಮನೆಗೆ ನಾನು ಮಾಡಿದ್ದನ್ನು ನೆನೆದರೆ, ಹೇಳಿ ಕಳಿಸದೆ ಇದ್ದದ್ದೇ ಸರಿ.

ನಾನು ಅಂಬ್ರಪ್ಪ. ದನದ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರ್ ಆಗಿದ್ದೆ. ಡಾಕ್ಟರು ವಾರಕ್ಕೊಮ್ಮೆ ಬರಬೇಕು. ಬಾರದ ವಾರಗಳೇ ಹೆಚ್ಚು. ಹಾಗಾಗಿ ಹಳ್ಳಿಯ ಜನ ನನ್ನನ್ನೇ "ಡಾಕ್ಟರ್ರ" ಎಂದು ಕರೆಯುತ್ತಿದ್ದರು. ನಾನೂ ಬೇಡ ಅನ್ನಲಿಲ್ಲ. ಕೇಳಲಿಕ್ಕೆ ಹಿತವಾಗಿತ್ತು. ಈಗ ಬರೆಯಲು ಕೂತಾಗ ಆ ಹಿತದ ಮೇಲೇ ನನಗೆ ಹೇಸಿಗೆ.

ದೇವಕಮ್ಮ ಹುಟ್ಟಿದ್ದು ದಾರಿಯ ಮೇಲೆ. ಅವಳ ಅವ್ವ ಅಪ್ಪ ಹಂದಿ ಹೊಡೆದುಕೊಂಡು, ಬುಟ್ಟಿ ಹೆಣೆದು ಮಾರುತ್ತ, ಕೊಡೇಕಲ್ಲಿನಿಂದ ಸಗರದ ತನಕ ಊರೂರು ತಿರುಗಿದವರು. ಆಗ ಈ ಸೀಮೆಯಲ್ಲಿ ಕಾಲುವೆ ಇರಲಿಲ್ಲ. ಬೇಸಿಗೆಯಲ್ಲಿ ಒಂದು ಹಳ್ಳದ ನೀರಿನಿಂದ ಇನ್ನೊಂದು ಹಳ್ಳದ ನೀರಿಗೆ ಒಂದೂವರೆ ದಿನದ ನಡಿಗೆ. ನೀರು ಕಂಡ ಕೂಡಲೇ ಹಂದಿಗಳು ನುಗ್ಗುತ್ತಿದ್ದವು. ಅವಳ ಅವ್ವ ಕೋಲು ಅಡ್ಡ ಹಿಡಿದು ನಿಲ್ಲುತ್ತಿದ್ದಳು. ಒಣಗಿಸಿದ ಸೋರೆಬುರುಡೆಯಲ್ಲಿ ನೀರು ಮೊಗೆದು ಒಂದೊಂದರ ಮುಂದೆ ಇಡುವುದು, ಮೂತಿ ತೋಯುವಷ್ಟು ಮಾತ್ರ. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಬಿಟ್ಟು ಇನ್ನೊಂದು ಬುರುಡೆ. ಹೀಗೆ ಮಧ್ಯಾಹ್ನದಿಂದ ಹೊತ್ತು ಮುಳುಗುವ ತನಕ. ಆಮೇಲೆಯೇ ಹಂದಿಗಳು ಹಳ್ಳಕ್ಕೆ ಇಳಿಯಬೇಕು. ಯಾಕೆ ಅಂತ ಕೇಳಿದರೆ ಆ ಮುದುಕಿಗೂ ಗೊತ್ತಿರಲಿಲ್ಲ. ಅವಳ ಅವ್ವ ಹಾಗೆ ಮಾಡಿದ್ದಳು, ಅಷ್ಟೇ. ದೇವಕಮ್ಮ ಈ ಕತೆಯನ್ನು ನನಗೆ ಹತ್ತು ಸಲವಾದರೂ ಹೇಳಿದ್ದಾಳೆ. ನಾನು ಪ್ರತಿ ಸಲ ಹೂಂ ಎಂದಿದ್ದೇನೆ.

ಅವರ ಬಳಗದಲ್ಲಿ ಇನ್ನೊಂದು ಪದ್ಧತಿ ಇತ್ತು. ಮಗಳು ಗಂಡನ ಮನೆಗೆ ಹೋಗುವಾಗ ಅವ್ವ ತನ್ನ ಹಂದಿಯ ಪೀಳಿಗೆಯದೇ ಒಂದು ಹೆಣ್ಣುಮರಿಯನ್ನು, ಎಡಗಿವಿಯಲ್ಲಿ ತನ್ನ ಗುರುತು ಕತ್ತರಿಸಿ, ಜೊತೆಗೆ ಕಳಿಸಬೇಕು. ಆ ಹಂದಿಯೂ ಅದು ಈದ ಮರಿಗಳೂ ಅವಳವು. ಗಂಡ ಮುಟ್ಟುವಂತಿಲ್ಲ, ಅತ್ತೆ ಕೇಳುವಂತಿಲ್ಲ. ದುಡ್ಡು ಕೊಟ್ಟು ತಂದ ಹಂದಿಗೆ ಈ ಮರ್ಯಾದೆ ಇಲ್ಲ; ಅದು ಗಂಡನ ಮನೆಯ ಸೊತ್ತು. ಅವ್ವನ ಗುರುತಿನ ಹಂದಿ ಇಲ್ಲದೆ ಬಂದವಳು ಬದುಕಿಡೀ ಅತ್ತೆಯ ಹಂದಿಗಳ ಹೊಲಸು ಬಳಿಯಬೇಕು, ಒಂದು ಮರಿಯೂ ತನ್ನದು ಅನ್ನುವಂತಿಲ್ಲ.

ಈ ಪದ್ಧತಿಯ ಬೆಲೆ ಏನೆಂದು ದೇವಕಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಗಂಡ ದ್ಯಾವಪ್ಪ ಕಾಲುವೆ ಅಗೆಯುವ ಕೂಲಿಗೆ ಹೋಗಿ ಮಣ್ಣು ಕುಸಿದು ಸತ್ತ. ಆಗ ಅವಳ ಕೈಯಲ್ಲಿದ್ದದ್ದು ಎರಡು ವರ್ಷದ ಮಗಳು ರೇಣಮ್ಮ ಮತ್ತು ಅವ್ವನ ಗುರುತಿನ ಒಂದು ಹಂದಿ. ಮೈದುನರು ಗುಡಿಸಲು ಕಿತ್ತುಕೊಂಡರು, ಪಾತ್ರೆ ಕಿತ್ತುಕೊಂಡರು. ಹಂದಿಯ ಎಡಗಿವಿ ನೋಡಿ ಅದನ್ನು ಬಿಟ್ಟುಹೋದರು. ಆ ಒಂದು ಹಂದಿಯಿಂದ ಅವಳು ಹದಿನಾರು ವರ್ಷ ಬದುಕಿದಳು, ಮಗಳನ್ನು ಬದುಕಿಸಿದಳು. ಯಾರ ಹೊಸ್ತಿಲಲ್ಲೂ ಕೈಚಾಚಿ ನಿಲ್ಲಲಿಲ್ಲ. ಮಾತು ಒರಟು, ನಗು ಅದಕ್ಕಿಂತ ಒರಟು. ಊರಿನವರು ಅವಳನ್ನು ದೂರವೇ ಇಟ್ಟರು. ಅವಳೂ ಅವರನ್ನು ಅಷ್ಟೇ ದೂರ ಇಟ್ಟಳು.

ಅಷ್ಟರಲ್ಲಿ ಕಾಲುವೆಗೆ ನೀರು ಬಂತು. ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಮೊದಲು ಬಯಲಲ್ಲಿ ಅಡ್ಡಾಡಿ ತಮ್ಮ ಮೇವು, ತಮ್ಮ ನೀರು ತಾವೇ ಹುಡುಕಿಕೊಳ್ಳುತ್ತಿದ್ದ ಹಂದಿಗಳು ಗದ್ದೆಗೆ ನುಗ್ಗತೊಡಗಿದವು. ಜನ ಹಿಟ್ಟಿನುಂಡೆಯಲ್ಲಿ ವಿಷ ಇಟ್ಟರು. ಒಂದೇ ವಾರದಲ್ಲಿ ಅವಳ ಏಳು ಹಂದಿ ಹೋದವು. ಉಳಿದವನ್ನು ಅವಳು ಊರ ಹೊರಗೆ, ಸಣ್ಣ ಕಾಲುವೆಯ ದಂಡೆಗೆ ಜಾಲಿಮುಳ್ಳು ಬಡಿದು, ಕಲ್ಲು ಒಟ್ಟಿ, ದೊಡ್ಡಿ ಮಾಡಿ ಕೂಡಿಹಾಕಿದಳು. ಹಾಗೆ ಕೂಡಿ ಸಾಕು ಎಂದು ಹೇಳಿದವನೂ ನಾನೇ. ಕಾಲುವೆ ಹತ್ತು ಹೆಜ್ಜೆ ದೂರದಲ್ಲಿತ್ತು. ಬೆಳಿಗ್ಗೆ ಸಂಜೆ ಕೊಡದಲ್ಲಿ ನೀರು ತಂದು ಕಲ್ಲುದೋಣಿಗೆ ಸುರಿದರೆ ಮುಗಿಯಿತು.

ಇಪ್ಪತ್ತೊಂದು ವರ್ಷದ ಹಿಂದಿನ ಮಾತು ಹೇಳುತ್ತಿದ್ದೇನೆ. ರೇಣಮ್ಮನಿಗೆ ಆಗ ಹದಿನೆಂಟು. ಶಹಾಪುರದ ಕಡೆಯ ಒಂದು ಹಳ್ಳಿಯಲ್ಲಿ ಗಂಡು ಗೊತ್ತಾಗಿ, ಬೇಸಿಗೆ ಕಳೆಯುವುದರೊಳಗೆ ಮದುವೆ ಎಂದು ಮಾತಾಗಿತ್ತು. ದೊಡ್ಡಿಯಲ್ಲಿ ಉಳಿದದ್ದು ಕೆಂಚಿ ಎಂಬ ಮುದಿ ಹಂದಿ, ಅದರ ಒಂಬತ್ತು ಮರಿ. ಕೆಂಚಿ ಇನ್ನೊಂದು ಸಲ ಈದರೆ ಈದೀತು, ಇಲ್ಲವಾದರೆ ಇಲ್ಲ. ಒಂಬತ್ತರಲ್ಲಿ ಮೂರು ಹೆಣ್ಣು. ಅವುಗಳಲ್ಲಿ ಬಲಗಾಲು ಬೆಳ್ಳಗಿದ್ದ ಒಂದನ್ನು ಆರಿಸಿ ದೇವಕಮ್ಮ ಆಗಲೇ ಎಡಗಿವಿಗೆ ಗುರುತು ಹಾಕಿದ್ದಳು. ರೇಣಮ್ಮ ಅದನ್ನು ಬಿಳಿಗಾಲಿ ಎಂದು ಕರೆಯುತ್ತಿದ್ದಳು. ಆದರೆ ಹಾಲು ಬಿಟ್ಟ ಮೇಲೆ ಮರಿಗಳು ಬೆಳೆಯಲೇ ಇಲ್ಲ. ಭೇದಿ ಹತ್ತಿ, ಬೆನ್ನೆಲುಬು ಎದ್ದು, ಕೂದಲು ನಿಮಿರಿ ನಿಂತಿದ್ದವು.

ಅದೇ ದಿನಗಳಲ್ಲಿ ನೀಲಕಂಠ ಎಂಬವನು ದವಾಖಾನೆಗೆ ಬಂದ. ಕರಾವಳಿಯ ಯಾವುದೋ ಸಣ್ಣ ಕಂಪನಿಯವನು. ಕಡಲಪಾಚಿ ಒಣಗಿಸಿ ಬೀಸಿದ ಪುಡಿ ತಂದಿದ್ದ. ತೌಡಿನ ಜೊತೆ ಕಲಸಿ ಬೆಳೆಯುವ ಹಂದಿಗೆ ಹಾಕಿದರೆ ಹೊಟ್ಟೆ ಕಟ್ಟುತ್ತದೆ, ಮೈ ತುಂಬುತ್ತದೆ, ಎರಡು ತಿಂಗಳು ಹಾಕಿ ನೋಡಿ ಬರೆದುಕೊಡಿ ಎಂದ. ಡಾಕ್ಟರನ್ನು ಕೇಳಬೇಕಿತ್ತು. ಅವರಿರಲಿಲ್ಲ, ಇಲ್ಲದಿರುವುದೇ ನನಗೆ ಬೇಕಾಗಿತ್ತು. ನಾನೇ ಡಾಕ್ಟರನ ಹಾಗೆ ತಲೆಯಾಡಿಸಿ ಎರಡು ಚೀಲ ಇಳಿಸಿಕೊಂಡೆ. ಜೊತೆಗೆ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆ ಕೊಟ್ಟ.

ದೇವಕಮ್ಮ ಪುಡಿಯನ್ನು ಅಂಗೈಗೆ ಹಾಕಿಕೊಂಡು ಮೂಸಿದಳು. ನಾಲಿಗೆಗೆ ಹಚ್ಚಿದಳು.

"ಇದೇನ್ರಿ ಡಾಕ್ಟರ್ರ, ಒಣಮೀನು ನಾತ ಹೊಡಿಯಾಕತ್ತದ. ಉಪ್ಪುನೂ ಭಾಳ ಅದ."

"ಸಮುದ್ರದಾಗ ಬೆಳೆದದ್ದು, ಉಪ್ಪು ಇರಲಾರದ ಇನ್ನೇನು ಇರ್ತದ? ಹೊತ್ತಿಗೆ ಎರಡು ಹಿಡಿ. ಒಂದು ದಿನ ತಪ್ಪಿಸಬ್ಯಾಡ ನೋಡು. ತಪ್ಪಿಸಿದಿ ಅಂದ್ರ ಎಲ್ಲಾ ದಂಡ."

"ತಪ್ಪಸಂಗಿಲ್ರಿ. ನೀವು ಹೇಳಿದ ಮ್ಯಾಲ ಮುಗೀತು."

ಹಾಳೆಯನ್ನು ಅವಳ ಮುಂದೆ ಓದಿ ಕನ್ನಡದಲ್ಲಿ ಹೇಳಿದೆ. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು, ಚೀಲ ಎಲ್ಲಿಡಬೇಕು. ಕುಡಿಯುವ ನೀರು ಸದಾ ಎದುರಿಗಿರಬೇಕು ಎಂಬ ಸಾಲು ಬಂದಾಗ ಹಾರಿಸಿದೆ. ಎದುರಿಗೆ ಕಾಲುವೆ ತುಂಬಿ ಹರಿಯುತ್ತಿತ್ತು. ನೀರಿನ ಮಾತು ನಮಗೆ ಕಡಲತೀರದವರು ಹೇಳಿಕೊಡುವುದೇ ಎನಿಸಿತು. ಹಾಳೆಯ ಹಿಂಬದಿ ಮಗುಚಿಯೂ ನೋಡಲಿಲ್ಲ.

ನಲವತ್ತು ದಿನ ಎಲ್ಲವೂ ನೆಟ್ಟಗಿತ್ತು. ಭೇದಿ ನಿಂತಿತು. ಮರಿಗಳ ಬೆನ್ನು ತುಂಬಿ ಕೂದಲಿಗೆ ಎಣ್ಣೆ ಸವರಿದ ಹೊಳಪು ಬಂತು. ಬಿಳಿಗಾಲಿಯಂತೂ ಉಳಿದವನ್ನು ತಳ್ಳಿ ದೋಣಿಗೆ ಮೊದಲು ಬಾಯಿ ಹಾಕುತ್ತಿತ್ತು. ರೇಣಮ್ಮ ಅದರ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದಳು. ನಾನು ಸೈಕಲ್ ನಿಲ್ಲಿಸಿ ನೋಡಿ, ಹೆಮ್ಮೆಪಟ್ಟು ಹೋಗುತ್ತಿದ್ದೆ. ದೇವಕಮ್ಮ ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, "ನಮ್ಮ ಡಾಕ್ಟರ್ರು ಸಮುದ್ರಾನ ತಂದು ಹಾಕ್ಯಾರ" ಎಂದು ನಗುತ್ತಿದ್ದಳು.

ಕಾಲುವೆ ನಮ್ಮಲ್ಲಿ ಚಾಲು–ಬಂದ್ ಲೆಕ್ಕದಲ್ಲಿ ಹರಿಯುತ್ತದೆ. ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಬಂದ್ ಇದ್ದಾಗಲೂ ತಗ್ಗಿನಲ್ಲಿ ನಿಂತ ನೀರು ಹಂದಿಗೆ ಸಾಲುತ್ತಿತ್ತು. ಆ ವರ್ಷ ಬೇಸಿಗೆಯಲ್ಲಿ ಬಂದ್ ಮುಗಿಯುವ ಹೊತ್ತಿಗೆ ಮೇಲೆ ಎಲ್ಲೋ ಕಾಲುವೆ ಒಡೆಯಿತು. ಹತ್ತು ದಿನದ ಬಂದ್ ಹತ್ತೊಂಬತ್ತು ದಿನವಾಯಿತು. ತಗ್ಗಿನ ನೀರು ಬತ್ತಿ ಕೆಸರು ಬಿರಿಯಿತು. ನಾನು ಆಗ ಬೇರೆ ಹೋಬಳಿಯಲ್ಲಿ ದನಗಳಿಗೆ ಲಸಿಕೆ ಹಾಕುವ ಕೆಲಸದ ಮೇಲೆ ಹೋಗಿದ್ದೆ. ಕಾಲುವೆ ಒಣಗಿದ್ದು ನನಗೆ ಗೊತ್ತಿತ್ತು. ಆ ಒಂಬತ್ತು ಮರಿಗಳು ನೆನಪಾಗಲಿಲ್ಲ.

ಊರಲ್ಲಿ ಇದ್ದದ್ದು ಒಂದು ಕೈಪಂಪು. ಜನ ಸರದಿ ನಿಂತು ಬಡಿದಾಡುವಾಗ ಹಂದಿಗೆಂದು ಕೊಡ ಇಟ್ಟರೆ ಯಾರು ಸುಮ್ಮನಿರುತ್ತಾರೆ? ಎರಡು ಸಲ ಅವಳ ಕೊಡ ಒದ್ದು ಉರುಳಿಸಿದರು. ಕೊನೆಗೆ ಮಕ್ತುಂಬಿ ಎಂಬ ವಿಧವೆ, ಹಂದಿಯ ಹೆಸರು ಕೇಳಿದರೇ ಸೆರಗು ಮೂಗಿಗೆ ಹಿಡಿಯುವವಳು, ತನ್ನ ಪಾಲಿನಲ್ಲಿ ದಿನಕ್ಕೊಂದು ಕೊಡ ಕೊಡತೊಡಗಿದಳು.

"ಹಂದಿಗೆ ಅನ್ನಬ್ಯಾಡ. ನಿನಗ ಅಂತ ಒಯ್ಯಿ. ನಾ ಕೇಳಂಗಿಲ್ಲ, ನೀ ಹೇಳಬ್ಯಾಡ" ಎಂದಳಂತೆ.

ಆ ಒಂದು ಕೊಡ, ತಾಯಿ ಮಗಳ ಪಾಲಿನ ಅರ್ಧ ಕೊಡ. ಒಂಬತ್ತು ಮರಿಗೂ ಕೆಂಚಿಗೂ ಅಷ್ಟೇ ನೀರು. ಅದರಲ್ಲಿ ಅರ್ಧ ತೌಡು ಕಲಸಲಿಕ್ಕೇ ಹೋಗುತ್ತಿತ್ತು. ತೌಡಿಗೆ ಅವಳು ಹೊತ್ತಿಗೆ ಎರಡು ಹಿಡಿ ಪುಡಿ ಹಾಕುವುದನ್ನು ಮಾತ್ರ ಬಿಡಲಿಲ್ಲ. ಮರಿಗಳು ಕಿರುಚಿದವು, ಕಲ್ಲು ನೆಕ್ಕಿದವು, ಅವಳು ಬಿಡಲಿಲ್ಲ. ಡಾಕ್ಟರಿಗೆ ಮಾತು ಕೊಟ್ಟಿದ್ದಳು.

ನಾನು ತಿರುಗಿ ಬಂದ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕಾಲುವೆಗೆ ನೀರು ಬಿಟ್ಟಿದ್ದರು. ಕಸಕಡ್ಡಿ, ಹಳೇ ಚಪ್ಪಲಿ, ಒಣಗಿದ ಎಲೆ ತಳ್ಳಿಕೊಂಡು ಕೆಂಪು ನೀರು ನನ್ನ ಸೈಕಲ್ಲಿನ ಜೊತೆಜೊತೆಗೇ ಬರುತ್ತಿತ್ತು. ಖುಷಿಯಾಗಿ ಗಂಟೆ ಬಾರಿಸಿದೆ. ದೊಡ್ಡಿ ಮುಟ್ಟಿದರೆ ಮರಿಗಳು ನೀರಿನ ವಾಸನೆಗೆ ಹುಚ್ಚೆದ್ದು ಬಾಗಿಲಿಗೆ ಹಾಯುತ್ತಿದ್ದವು. ಕಣ್ಣು ಗುಳಿಬಿದ್ದಿತ್ತು. ದೇವಕಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಕೈಯಲ್ಲಿ ಅವಳ ಅವ್ವನ ಸೋರೆಬುರುಡೆ. ಪಕ್ಕದಲ್ಲಿ ರೇಣಮ್ಮ ಕೊಡ ಹಿಡಿದು ನಿಂತಿದ್ದಳು.

"ಏನು ಮಾಡಾಕತ್ತಿ ದೇವಕಮ್ಮ? ಬಾಗಲಾ ತೆಗಿ!"

"ತಡೀರಿ ಡಾಕ್ಟರ್ರ. ಒಮ್ಮಿಗೇ ಬಿಡಬಾರದು. ಬುರುಡಿಲೆ ಕೊಡ್ತೀನಿ, ಸಂಜಿತನಾ. ಆಮ್ಯಾಲ ಬಿಡ್ತೀನಿ."

"ಮುಂದ ಕಾಲುವಿ ಹರಿಯಾಕತ್ತದ, ನೀ ಬುರುಡಿಲೆ ಅಳೀತಿಯೇನು? ನೀರಿಲ್ಲದ ಸಾಯಾಕತ್ತಾವ ಅವು!"

"ನಮ್ಮವ್ವ ಹಿಂಗ..."

"ನಿಮ್ಮವ್ವನ ಕಾಲ ಹೋತು. ಸರಿ ಆಕಡೆ."

ಡಾಕ್ಟರ್ರ ಎಂದು ಕರೆದ ಬಾಯಿಂದ ಇಲ್ಲ ಎನ್ನುವುದು ಅವಳಿಗೆ ಬರಲಿಲ್ಲ. ಎದ್ದು ಸರಿದಳು. ಬಾಗಿಲಿನ ಅಡ್ಡಗೋಲು ಎತ್ತಿದವನು ನಾನು. ಒಂಬತ್ತೂ ಮರಿ ದಂಡೆ ಇಳಿದು ಮೂತಿ ಮುಳುಗಿಸಿ ಹೊಟ್ಟೆ ಉಬ್ಬುವ ತನಕ ಕುಡಿದವು. ನಾನು ನಕ್ಕೆ. ರೇಣಮ್ಮನೂ ನಕ್ಕಳು. ದೇವಕಮ್ಮ ಬುರುಡೆ ಹಿಡಿದುಕೊಂಡೇ ನಿಂತಿದ್ದಳು.

ಸಂಜೆಗೆ ರೇಣಮ್ಮ ದವಾಖಾನೆಗೆ ಓಡಿ ಬಂದಳು. ಹೋಗಿ ನೋಡಿದರೆ ಒಂದು ಮರಿ ಗೋಡೆಗೆ ಹಣೆ ಒತ್ತಿ ನಿಂತಿತ್ತು, ಎಳೆದರೂ ಬರಲಿಲ್ಲ. ಇನ್ನೊಂದು ಕೂತಲ್ಲೇ ತಲೆ ಹಿಂದಕ್ಕೆ ಎತ್ತಿ ಎತ್ತಿ ನಡುಗುತ್ತಿತ್ತು. ಎರಡು ಗುಂಡಗೆ ತಿರುಗುತ್ತಿದ್ದವು. ಕಣ್ಣ ಮುಂದೆ ಕೈ ಆಡಿಸಿದರೆ ರೆಪ್ಪೆ ಬಡಿಯಲಿಲ್ಲ, ಕುರುಡಾಗಿದ್ದವು. ಮನೆಗೆ ಬಂದು ಆ ಹಾಳೆಯನ್ನು ಹುಡುಕಿ ಹಿಂಬದಿ ಮಗುಚಿದೆ. ಉಪ್ಪಿನ ಅಂಶ ಹೆಚ್ಚು. ನೀರು ಕಡಿಮೆಯಾದರೆ ಪುಡಿ ನಿಲ್ಲಿಸಿ. ನೀರಡಿಸಿದ ಹಂದಿಗೆ ಒಮ್ಮೆಲೇ ನೀರು ಕೊಡಬೇಡಿ, ಸ್ವಲ್ಪ ಸ್ವಲ್ಪವಾಗಿ ಕೊಡಿ, ಒಮ್ಮೆಲೇ ಕೊಟ್ಟರೆ ಮಿದುಳು ಬಾತು ಸಾಯುತ್ತವೆ. ನಾಲ್ಕು ಸಾಲು. ಇಂಗ್ಲಿಷ್ ಬಾರದ ಆ ಮುದುಕಿ ಹಳ್ಳದ ದಂಡೆಯಲ್ಲಿ ಕೋಲು ಹಿಡಿದು ಮಾಡುತ್ತಿದ್ದದ್ದು ಅದೇ.

ಮೂರು ದಿನದಲ್ಲಿ ಒಂಬತ್ತೂ ಸತ್ತವು. ಬಿಳಿಗಾಲಿ ಕೊನೆಗೆ ಸತ್ತಿತು. ರೇಣಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಬಟ್ಟೆಯಿಂದ ನೀರು ಹಿಂಡುತ್ತಿದ್ದಳು. ಪುಡಿ ತಿನ್ನದ ಕೆಂಚಿಗೆ ಏನೂ ಆಗಲಿಲ್ಲ.

ಒಂಬತ್ತು ಹಂದಿ ಸತ್ತರೆ ಕಾರಣ ಬರೆಯಬೇಕು. ಮೇಲಿನವರಿಗೆ ಕೇಳದೆ ಪುಡಿ ಹಾಕಿಸಿದೆ, ಓದದೆ ಹೇಳಿದೆ, ಬಾಗಿಲು ತೆಗೆದೆ ಎಂದು ಬರೆದರೆ ನನ್ನ ನೌಕರಿ ಉಳಿಯುತ್ತಿರಲಿಲ್ಲ. ಹೆದರಿದೆ. "ಹಂದಿಜ್ವರ" ಎಂದು ಬರೆದು ಸಹಿ ಹಾಕಿದೆ. ಸತ್ತ ಹಂದಿಗೆ ಯಾವ ರೋಗವಾದರೇನು ಎಂದು ಸಮಾಧಾನ ಮಾಡಿಕೊಂಡೆ. ಜ್ವರ ಅಂಟುಜಾಡ್ಯವೆಂದು, ಆ ಮಾತು ನನಗಿಂತ ಬೇಗ ಊರೂರು ತಿರುಗುತ್ತದೆಂದು ಹೊಳೆಯಲಿಲ್ಲ. ಹೊಳೆದಿದ್ದರೂ ಅದನ್ನೇ ಬರೆಯುತ್ತಿದ್ದೆನೋ ಏನೋ.

ಮದುವೆಯ ಹಿಂದಿನ ದಿನ ದೇವಕಮ್ಮ ದವಾಖಾನೆಗೆ ಬಂದಳು. ಒಳಗೆ ಬರಲಿಲ್ಲ, ಕಟ್ಟೆಯ ಕೆಳಗೇ ನಿಂತಳು.

"ಕೆಂಚೀನ ಕಳಸ್ತೀನ್ರಿ ರೇಣವ್ವನ ಜೋಡಿ. ಮುದುಕಿ ಆದ್ರೂ ನಮ್ಮವ್ವನ ಗುರುತು ಅದ. ಒಂದು ಸಲ ಈದರ ಸಾಕು. ಬೀಗರು ಜ್ವರದ ಮಾತು ಎತ್ಯಾರ. ನೀವು ಬಂದು ಒಂದು ಮಾತು ಹೇಳ್ರಿ, ಜ್ವರ ಅಲ್ಲ ಅಂತ. ನೀವು ಹೇಳಿದ್ರ ನಂಬ್ತಾರ."

ಬರುತ್ತೇನೆ ಎಂದೆ. ಹೋದೆ ಕೂಡ. ಗಂಡಿನ ಊರ ಬಾಗಿಲಲ್ಲಿ ಬೇವಿನ ಗಿಡದ ಕೆಳಗೆ ಗಂಡಿನ ತಾಯಿ ಸೂಗಮ್ಮ ನಾಲ್ಕು ಜನರ ಜೊತೆ ನಿಂತಿದ್ದಳು. ಮದುಮಗಳನ್ನು ಒಳಗೆ ಬಿಟ್ಟರು, ಹಂದಿಯನ್ನು ತಡೆದರು. ಕೆಂಚಿಯ ಕೊರಳಿಗೂ ಕೆಂಪು ದಾರ ಕಟ್ಟಿತ್ತು, ಬಿಳಿಗಾಲಿಯದೇ ದಾರ.

"ಡಾಕ್ಟರ್ರ, ಜ್ವರ ಅಂತ ಬರದವರು ನೀವೇ ಏನ್ರಿ?" ಸೂಗಮ್ಮ ಕೇಳಿದಳು. "ನಮ್ಮ ದೊಡ್ಡ್ಯಾಗ ಮೂವತ್ತು ಜೀವ ಅದಾವ. ಖರೇ ಹೇಳ್ರಿ. ಜ್ವರ ಹೌದೋ, ಅಲ್ಲೋ?"

ದೇವಕಮ್ಮ ನನ್ನನ್ನೇ ನೋಡುತ್ತಿದ್ದಳು. ರೇಣಮ್ಮ ತಲೆ ಎತ್ತಿ ನೋಡಿದಳು. ಗುಂಪಿನಲ್ಲಿ ಪಂಚಾಯಿತಿ ಕಚೇರಿಯ ಒಬ್ಬ ಗುಮಾಸ್ತನೂ ನಿಂತಿದ್ದ. ಅವನ ಮುಖ ನೋಡಿದೆ, ನನ್ನ ಸಹಿ ನೆನಪಾಯಿತು.

"ಹೌದು" ಎಂದೆ.

ದೇವಕಮ್ಮ ಕೆಂಚಿಯ ಹಗ್ಗ ಹಿಡಿದು ಬಂದ ದಾರಿಯಲ್ಲೇ ತಿರುಗಿದಳು. ಮಗಳ ಅಕ್ಕಿಕಾಳಿಗೂ ನಿಲ್ಲಲಿಲ್ಲ. ಆ "ಹೌದು" ಅವಳಿಗಿಂತ ಮೊದಲೇ ನಮ್ಮ ಊರು ಮುಟ್ಟಿತ್ತು. ಮರುದಿನ ಊರಿನ ನಾಲ್ಕು ಗಂಡಸರು ಬಂದು, ಜ್ವರದ ಹಂದಿ ಊರಲ್ಲಿ ಇರಬಾರದೆಂದು ಕೆಂಚಿಯನ್ನು ಹೊಡೆದು ಕೊಂದು, ಸುಣ್ಣ ಹಾಕಿ ಹುಗಿದರು. ಅಲ್ಲಿಗೆ ಅವಳ ಅವ್ವನ ಗುರುತಿನ ಹಂದಿಗಳ ಪೀಳಿಗೆ ಮುಗಿಯಿತು. ದೇವಕಮ್ಮ ಆಮೇಲೆ ಹಂದಿ ಸಾಕಲಿಲ್ಲ. ಭತ್ತದ ಗದ್ದೆಗಳಲ್ಲಿ ಕಳೆ ಕಿತ್ತು, ಬೆನ್ನು ಬಾಗಿ ಬದುಕಿದಳು. ದಾರಿಯಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಬೈದಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ. ಡಾಕ್ಟರ್ರ ಎಂದು ಮಾತ್ರ ಮತ್ತೆ ಒಂದು ಸಲವೂ ಕರೆಯಲಿಲ್ಲ.

ಅವಳು ಸತ್ತ ಸುದ್ದಿ ಕೇಳಿದ ನಾಲ್ಕನೇ ದಿನ ರೇಣಮ್ಮನ ಊರಿಗೆ ಹೋದೆ. ನಿವೃತ್ತನಾದವನಿಗೆ ನೌಕರಿಯ ಭಯವಿಲ್ಲ. ಧೈರ್ಯ ಬಂದದ್ದು ಅಷ್ಟಕ್ಕೇ. ರೇಣಮ್ಮ ದೊಡ್ಡಿಯೊಳಗೆ ಹೊಲಸು ಬಳಿಯುತ್ತಿದ್ದಳು. ಸೂಗಮ್ಮ ಹೋಗಿ ಮೂರು ವರ್ಷವಾಗಿತ್ತು. ಈಗ ಹಂದಿಗಳೆಲ್ಲ ಅವಳ ಗಂಡ, ಮೈದುನರ ಹೆಸರಲ್ಲಿದ್ದವು. ದೊಡ್ಡಿಯ ಗೂಟಕ್ಕೆ ಅದೇ ಸೋರೆಬುರುಡೆ ತೂಗುಬಿದ್ದಿತ್ತು. ತಾಯಿ ಮನೆಯಿಂದ ಅವಳಿಗೆ ಬಂದದ್ದು ಅದೊಂದೇ.

ಬೇಲಿಯ ಹೊರಗೆ ನಿಂತು ಎಲ್ಲ ಹೇಳಿದೆ. ಜ್ವರ ಅಲ್ಲ, ಪುಡಿ. ಪುಡಿಯಷ್ಟೇ ಅಲ್ಲ, ಬಾಗಿಲು ತೆಗೆದ ನಾನು. ಅವಳು ಕೆಲಸ ನಿಲ್ಲಿಸದೆ ಕೇಳಿದಳು.

"ಬಾಗಲಾ ತೆಗದದ್ದು ನಾ ನೋಡೀನಲ್ರಿ" ಎಂದಳು. "ಅದಕ್ಕ ಅವ್ವ ಸಿಟ್ಟಾಗಿರಲಿಲ್ಲ. ನಾನೂ ಆಗಿರಲಿಲ್ಲ. ನೀವೂ ಬದುಕ್ಲಿ ಅಂತನ ತೆಗದಿದ್ರಿ. ಗಿಡದ ಕೆಳಗ ನಿಂತು ಹೌದು ಅಂದ್ರಲ್ಲ, ಸಿಟ್ಟು ಅದಕ್ಕ."

ಒಂದು ಒಳ್ಳೆಯ ಹೆಣ್ಣುಮರಿ ತಂದುಕೊಡುತ್ತೇನೆ, ಬೇಡ ಅನ್ನಬೇಡ ಎಂದೆ.

ಅವಳು ಸಲಿಕೆ ನೆಲಕ್ಕೂರಿ ಮೊದಲ ಸಲ ನನ್ನ ಮುಖ ನೋಡಿದಳು. ಮನೆಯ ಬಾಗಿಲಲ್ಲಿ ಹದಿನೆಂಟರ ಒಬ್ಬ ಹುಡುಗಿ ಬಟ್ಟೆ ಹಿಂಡುತ್ತಿದ್ದಳು.

"ಅಕಿ ನನ್ನ ಮಗಳು. ಶೀಗಿ ಹುಣ್ಣಿವಿ ಆದ ಮ್ಯಾಲ ಮದುವಿ ಅದ. ಕೊಂಡು ತಂದ ಮರಿ ಕೊಟ್ರ ಅದು ಅಕಿ ಗಂಡಂದಾಗ್ತದ. ನಮ್ಮವ್ವನ ಗುರುತಿಂದು ತಂದು ಕೊಡ್ರಿ."

ಇಷ್ಟು ಹೇಳಿ ಅವಳು ಮತ್ತೆ ಸಲಿಕೆ ಎತ್ತಿದಳು. ನಾನು ಬಸ್ಸಿಗೆ ನಡೆದೆ.